ಏಳನೇ ತರಗತಿಯ ಚಿರತೆ ನಕ್ಷೆ

ನಾನು ಹುಟ್ಟಿ ಬೆಳೆದದ್ದು ನಾಗಮಂಗಲದ ಕಡೆಯ ಬಯಲಿನಲ್ಲಿ. ರಾಗಿ, ಹುರುಳಿ, ಬಂಡೆ, ಅಲ್ಲೊಂದು ಇಲ್ಲೊಂದು ಹುಣಸೆಮರ. ಅಲ್ಲಿ ಯಾರಾದರೂ ಬರುತ್ತಿದ್ದರೆ ದೂರದಿಂದಲೇ ನಡಿಗೆ ನೋಡಿ ಇಂಥವರೆಂದು ಹೇಳಬಹುದಿತ್ತು. ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೇಲೆ ನನ್ನನ್ನು ಮೊದಲು ಹೆದರಿಸಿದ್ದು ಅತ್ತೆಯಲ್ಲ, ಕಬ್ಬು. ಆಳಿಗಿಂತ ಎತ್ತರ ಬೆಳೆದು ದಾರಿಯ ಪಕ್ಕದಲ್ಲಿ ಗೋಡೆಯ ಹಾಗೆ ನಿಂತಿರುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲೂ ಒಳಗೆಲ್ಲೋ ಸರಸರ ಸದ್ದು. ಹಂದಿಯೋ, ನಾಯಿಯೋ, ನೀರು ಕಟ್ಟಲು ಹೋದ ಮನುಷ್ಯನೋ ತಿಳಿಯುವುದಿಲ್ಲ.

ನಾನು ವಿಜ್ಞಾನ ಹೇಳಿಕೊಡುವ ಶಾಲೆಗೆ ಪಾಂಡವಪುರದಿಂದ ಸ್ಕೂಟರಿನಲ್ಲಿ ಹೋಗಬೇಕು. ದಾರಿಯ ಕೊನೆಯ ತುಂಡು ನಾಲೆ ಏರಿಯ ಮೇಲೆ. ಬಲಕ್ಕೆ ತುಂಬಿ ಹರಿಯುವ ನೀರು, ತಡೆಗೋಡೆ ಇಲ್ಲ. ಎಡಕ್ಕೆ ಕಬ್ಬು. ನೀರಿಗೆ ಹೆದರಿ ಸರಿದರೆ ಕಬ್ಬು, ಕಬ್ಬಿಗೆ ಹೆದರಿ ಸರಿದರೆ ನೀರು. ನನ್ನ ಗಂಡ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ. ನಾಲೆಗೆ ನೀರು ಬಿಡುವ ಸುದ್ದಿ ನಮ್ಮ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತದೆ. "ನೀರು ಬುಟ್ಟವ್ರೆ, ವಸಿ ಉಸಾರಾಗಿ ಓಗು" ಎಂದು ಅವರು ಹೇಳಿದ ದಿನ ನಾನು ಸ್ಕೂಟರನ್ನು ಸೈಕಲ್ಲಿಗಿಂತ ನಿಧಾನವಾಗಿ ಓಡಿಸುತ್ತೇನೆ.

ಇಷ್ಟು ಹೆದರುವವಳು ಕಂಪ್ಯೂಟರಿಗೂ ಹೆದರುತ್ತಿದ್ದೆ ಎಂದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ಶಾಲೆಗೆ ದಾನಿಗಳು ಕೊಟ್ಟ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆಯ ಒಳಗೆ ಬಹಳ ದಿನ ಮಲಗಿದ್ದವು. ನಿವೃತ್ತಿಗೆ ಹತ್ತಿರವಾಗಿದ್ದ ಮುಖ್ಯೋಪಾಧ್ಯಾಯರು ಆ ಕೊಠಡಿಯ ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಮಂಡ್ಯದಲ್ಲಿ ನಡೆದ ತರಬೇತಿಗೆ ನನ್ನನ್ನು ಕಳಿಸಿದರು. ಕಂಪ್ಯೂಟರನ್ನು ಬೇರೆ ಪಾಠ ಮಾಡಬೇಡಿ, ವಿಜ್ಞಾನದ ಪಾಠದ ಒಳಗೇ ಸೇರಿಸಿ ಎಂದು ಅಲ್ಲಿ ಹೇಳಿಕೊಟ್ಟರು. ಮಕ್ಕಳು ಅಳೆದದ್ದನ್ನು ಎಕ್ಸೆಲ್ ಹಾಳೆಗೆ ತುಂಬಲಿ, ಅದರಿಂದ ನಕ್ಷೆ, ಗ್ರಾಫು ಬರೆಯಲಿ, ಆಮೇಲೆ ಅದನ್ನು ನೋಡಿ ಪ್ರಶ್ನೆ ಕೇಳಲಿ ಎಂದು.

ವಾಪಸು ಬಂದು ಬೀಗದ ಕೈ ಕೇಳಿದಾಗ ಮುಖ್ಯೋಪಾಧ್ಯಾಯರು ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಕೆಟ್ಟೋದ್ರೆ ಆಡಿಟ್ನೋರಿಗೆ ಉತ್ರ ಕೊಡೋನು ನಾನು ಮೇಡಂ" ಎಂದರು. ಆದರೂ ಕೊಟ್ಟರು.

ಮೊದಲು ನಾವು ಅವರೆಕಾಳು ಮೊಳಕೆ ಕಟ್ಟಿಸಿ, ಮೊಳಕೆಯ ಉದ್ದವನ್ನು ದಿನವೂ ಅಳೆದು ತುಂಬಿದೆವು. ಗ್ರಾಫಿನ ಗೆರೆ ಮೇಲಕ್ಕೆ ಏರಿದ್ದನ್ನು ಕಂಡು ಏಳನೇ ತರಗತಿಯವರು ಚಪ್ಪಾಳೆ ತಟ್ಟಿದರು. ಮೌಸು ಹಿಡಿಯುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು ಒಬ್ಬ ಹುಡುಗಿ. ಅವಳಪ್ಪ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸದಲ್ಲಿದ್ದರು. ನನ್ನ ಕೈ ಎಲ್ಲಿ ತಡವರಿಸುತ್ತದೋ ಅಲ್ಲಿ ಅವಳು ಮೆಲ್ಲಗೆ "ಅಲ್ಲಲ್ಲ ಮಿಸ್, ಇಲ್ಲಿ" ಎನ್ನುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಊರಿನಲ್ಲಿ ನಾಯಿಗಳು ಕಡಿಮೆಯಾಗತೊಡಗಿದವು. ಶಾಲೆಯ ಗೇಟಿನ ಹತ್ತಿರ ಬಿಸಿಯೂಟದ ಅನ್ನಕ್ಕೆ ಕಾಯುತ್ತಿದ್ದ ಕಂದುಬಣ್ಣದ ನಾಯಿಯೂ ಕಾಣಿಸಲಿಲ್ಲ. ಆಮೇಲೆ ಪಕ್ಕದ ಊರಿನ ಕೊಟ್ಟಿಗೆಯಿಂದ ಕರುವನ್ನು ಎಳೆದುಕೊಂಡು ಹೋಯಿತು. ಚಿರತೆ. ಮಕ್ಕಳು ದಿನಕ್ಕೊಂದು ಕಥೆ ತಂದರು. ಒಬ್ಬನ ಚಿಕ್ಕಪ್ಪ ಅದರ ಕಣ್ಣು ಟಾರ್ಚಿನಂತೆ ಉರಿಯುವುದನ್ನು ಕಂಡಿದ್ದ, ಇನ್ನೊಬ್ಬಳ ಅಜ್ಜಿ ಅದು ಕೆಮ್ಮುವುದನ್ನು ಕೇಳಿದ್ದಳು. ಆರನೇ ತರಗತಿಯ ಹುಡುಗಿಯೊಬ್ಬಳು ಒಬ್ಬಳೇ ಶೌಚಾಲಯಕ್ಕೆ ಹೋಗಲಾರದೆ ತರಗತಿಯಲ್ಲೇ ಬಟ್ಟೆ ಒದ್ದೆ ಮಾಡಿಕೊಂಡು ಅತ್ತಳು.

ಆಹಾರ ಸರಪಳಿಯ ಪಾಠ ನಡೆಯುತ್ತಿದ್ದ ಸಮಯ. ಭಯವನ್ನು ಬಿಡಿಸಿ ಎಣಿಸಿದರೆ ಅದು ಚಿಕ್ಕದಾಗುತ್ತದೆ ಎಂದು ನಾನು ನಂಬಿದ್ದೆ. ಮಕ್ಕಳಿಗೊಂದು ಕಟ್ಟಳೆ ಹಾಕಿದೆ. ಕೇಳಿದ್ದನ್ನು ತರಬಾರದು, ನೀವು ಅಥವಾ ನಿಮ್ಮ ಮನೆಯವರು ಕಣ್ಣಾರೆ ಕಂಡದ್ದು ಮಾತ್ರ. ಹೆಜ್ಜೆಯೋ, ಪ್ರಾಣಿಯೋ, ತಿಂದು ಬಿಟ್ಟ ಮೂಳೆಯೋ. ಎಲ್ಲಿ ಕಂಡಿರಿ, ಎಷ್ಟು ಹೊತ್ತಿನಲ್ಲಿ. ಮಕ್ಕಳು ಊರಿನ ನಕ್ಷೆ ಬರೆದರು. ಅದರ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ, ಕಂಡ ಜಾಗದಲ್ಲೆಲ್ಲ ಕೆಂಪು ಚುಕ್ಕೆ ಇಟ್ಟೆವು. ಪಕ್ಕದ ಹಾಳೆಯಲ್ಲಿ ಯಾವ ಹೊತ್ತಿಗೆ ಎಷ್ಟು ಬಾರಿ ಎಂಬ ಕಂಬದ ಗ್ರಾಫು.

ಚುಕ್ಕೆಗಳು ನಾನಂದುಕೊಂಡದ್ದಕ್ಕಿಂತ ಬೇಗ ಹೆಚ್ಚಾದವು. ಒಂದು ಮಧ್ಯಾಹ್ನ ಮಕ್ಕಳು ಆಟಕ್ಕೆ ಹೋದಾಗ ನಾನೊಬ್ಬಳೇ ಪರದೆಯ ಮುಂದೆ ಕೂತು ನೋಡಿದೆ. ನಾಲೆ ಏರಿಯ ಉದ್ದಕ್ಕೂ ಕೆಂಪು. ಅಲ್ಲಿಂದ ಬಾಗಿ ನಮ್ಮ ಶಾಲೆಯ ಹಿಂದಿನ ಕಬ್ಬಿನ ಗದ್ದೆಯ ಬದುವಿನಲ್ಲಿ ಕೆಂಪು ಗುಂಪುಗಟ್ಟಿತ್ತು. ಗ್ರಾಫಿನಲ್ಲಿ ಎರಡು ಎತ್ತರದ ಕಂಬ: ಒಂದು ಬೆಳಕು ಹರಿಯುವ ಹೊತ್ತು, ಇನ್ನೊಂದು ಸಂಜೆ. ಸಂಜೆಯ ಕಂಬದ ಹೊತ್ತಿಗೇ ನಾನು ಆ ಏರಿಯ ಮೇಲೆ ಮನೆಗೆ ಹೋಗುತ್ತಿದ್ದೆ. ನನ್ನ ಬೆನ್ನಿಗೆ ಕಿಟಕಿ. ಕಿಟಕಿಯಾಚೆ ಕಾಂಪೌಂಡು, ಅದರಾಚೆ ಕಬ್ಬು. ತಿರುಗಿ ನೋಡಬೇಕು ಎನ್ನಿಸಿತು, ಕತ್ತು ತಿರುಗಲಿಲ್ಲ. ಕೂತಲ್ಲೇ ಮಕ್ಕಳನ್ನು ಒಳಗೆ ಬರಲು ಕೂಗಿದೆ. ಧ್ವನಿ ಎಷ್ಟು ಕೀರಲಾಗಿತ್ತೆಂದರೆ ಅವರು ಆಟ ಬಿಟ್ಟು ಓಡಿಬಂದರು.

ಆವತ್ತಿನಿಂದ ಸಂಜೆ ನಾನು ಡೈರಿಯ ಹಾಲಿನ ವ್ಯಾನಿಗೆ ಕಾದು ಅದರ ಹಿಂದೆಯೇ ಸ್ಕೂಟರು ಓಡಿಸತೊಡಗಿದೆ. ಮನೆಯಲ್ಲಿ ಹೇಳಿದಾಗ ಗಂಡ, "ಟ್ರಾನ್ಸ್‌ಫರ್‌ಗೆ ಹಾಕು. ನಮ್ ಡ್ಯಾಮ್ ಅತ್ರ ಬೆಳಗೊಳದ ಕಡೆ ಎಲ್ಲಾದ್ರೂ ಸಿಕ್ರೆ ಇಬ್ರೂ ಒಟ್ಗೇ ಓಗ್ಬೋದು" ಎಂದರು. ಬೆಳಗೊಳದಲ್ಲೂ ಕಬ್ಬಿದೆ ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಯಾರು ಪರದೆಯ ಫೋಟೊ ತೆಗೆದರೋ ಇಂದಿಗೂ ಗೊತ್ತಿಲ್ಲ. ಮಗುವನ್ನು ಕರೆದೊಯ್ಯಲು ಬಂದ ದೊಡ್ಡವರು ಯಾರಾದರೂ ಇರಬೇಕು. ಒಂದು ಭಾನುವಾರ ಊರಿನ ಮೊಬೈಲ್ ಗ್ರೂಪಿನಲ್ಲಿ ನಮ್ಮ ನಕ್ಷೆ ಬಂತು. ಜೊತೆಗೆ ಯಾರೋ ಬರೆದ ಒಂದು ಸಾಲು: ಚಿರತೆ ಇರುವುದು ಸ್ಕೂಲಿನ ಹಿಂದಿನ ಗದ್ದೆಯಲ್ಲೇ ಎಂದು ಸ್ಕೂಲಿನ ಕಂಪ್ಯೂಟರು ಕಂಡುಹಿಡಿದಿದೆ.

ಸೋಮವಾರ ಶಾಲೆ ಮುಟ್ಟಿದಾಗ ಬೆಂಚುಗಳು ಖಾಲಿ. ಏಳನೇ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಶಾಲೆಯ ಹಿಂದಿನ ದಾರಿಯಲ್ಲಿ ಗಂಡಸರು ಸೇರುತ್ತಿದ್ದರು. ಕೆಲವರ ಕೈಯಲ್ಲಿ ದೊಣ್ಣೆ, ಮಚ್ಚು. ಒಬ್ಬ ತೆಂಗಿನ ಒಣಗರಿಗಳನ್ನು ಕಟ್ಟಿ ಪಂಜು ಮಾಡುತ್ತಿದ್ದ.

"ಬೆಂಕಿ ಇಕ್ಬುಡಾನ ಕಣ್ಲಾ. ಸತ್ರೆ ಸಾಯ್ಲಿ, ಓಡೋದ್ರೆ ಓಡೋಗ್ಲಿ" ಎಂದು ಒಬ್ಬ ಕೂಗುತ್ತಿದ್ದುದು ನಮ್ಮ ಜಗುಲಿಗೂ ಕೇಳಿಸಿತು.

"ಯಾವ ಕಡಿಕ್ ಓಡ್ತದ್ಲಾ? ಸ್ಕೂಲ್ ಕಡಿಕ್ಕೇ ಬತ್ತದೆ!" ಎಂದ ಇನ್ನೊಬ್ಬ.

ಗದ್ದೆಯ ಒಡತಿ ಅರವತ್ತು ದಾಟಿದ ಹೆಂಗಸು. ಗಂಡ ಹೋದ ಮೇಲೆ ಬೇಸಾಯವನ್ನು ತಾನೇ ನೋಡಿಕೊಳ್ಳುತ್ತಿದ್ದವರು. ಕಬ್ಬು ಕಟಾವಿಗೆ ಬಂದಿತ್ತು, ಕಡಿಯಲು ಸಕ್ಕರೆ ಕಾರ್ಖಾನೆ ಕೊಡಬೇಕಾದ ಪರ್ಮಿಟ್ಟು ಮಾತ್ರ ಬಂದಿರಲಿಲ್ಲ. ಸುಟ್ಟ ಕಬ್ಬು ನಿಂತಲ್ಲೇ ಒಣಗಿ ಹಾಳಾಗುತ್ತದೆ. ಆಕೆ ಜನರನ್ನು ಬಿಟ್ಟು ಸೀದಾ ನನ್ನ ಹತ್ತಿರ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ನಾನೇನ್ ಮಾಡಿದ್ನವ್ವಾ ನಿಂಗೆ? ನಿನ್ ಕಂಪ್ಯೂಟ್ರು ನನ್ ಗದ್ದೇನೇ ಯಾಕ್ ತೋರುಸ್ತು? ವರ್ಸ ಪೂರ್ತಿ ನೀರ್ ಕಟ್ಟಿವ್ನಿ ಕಣವ್ವಾ!"

ಆಕೆಯ ಹಿಂದೆ ದೊಣ್ಣೆ ಹಿಡಿದವರು ನನ್ನ ಕಡೆಗೇ ನೋಡುತ್ತಿದ್ದರು. ನಾನು ಒಂದು ಮಾತು ಆಡಿದರೆ ಬೆಂಕಿ ಬೀಳುತ್ತದೆ, ಆಡದಿದ್ದರೂ ಬೀಳುತ್ತದೆ. ಬಿದ್ದರೆ ಕಬ್ಬು ಉರಿಯುವುದು ನಮ್ಮ ಗೋಡೆಯ ಪಕ್ಕದಲ್ಲಿ, ಒಳಗೆ ಒಂದರಿಂದ ಎಂಟರವರೆಗೆ ಅವತ್ತು ಬಂದಿದ್ದಷ್ಟು ಮಕ್ಕಳು. ಮುಖ್ಯೋಪಾಧ್ಯಾಯರು ನನ್ನನ್ನು ಪಕ್ಕಕ್ಕೆ ಕರೆದು, "ಅದನ್ನ ಅಳಿಸ್ಬುಡಿ ಮೇಡಂ, ಮೊದ್ಲು ಅಳಿಸ್ಬುಡಿ" ಎಂದರು. ಪೊಲೀಸರಿಗೂ ಅರಣ್ಯ ಇಲಾಖೆಗೂ ಫೋನು ಮಾಡಿ ಎಂದು ಅವರಿಗೆ ಹೇಳಿ, ನಾನು ಕಂಪ್ಯೂಟರು ಕೊಠಡಿಗೆ ಹೋದೆ. ನಿಜ ಹೇಳಬೇಕೆಂದರೆ ಅಳಿಸಲೆಂದೇ ಹೋದೆ.

ಏಳನೇ ತರಗತಿಗೆ ಬಂದಿದ್ದ ನಾಲ್ಕಾರು ಮಕ್ಕಳು ನನ್ನ ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತರು. ನಾನು ಹಾಳೆ ತೆರೆದೆ. ಎರಡು ಎತ್ತರದ ಕಂಬಗಳು ಮತ್ತೆ ಕಂಡವು. ಅವುಗಳ ನಡುವೆ ಖಾಲಿ. ಇಷ್ಟು ದಿನ ಕಂಬಗಳನ್ನೇ ನೋಡಿದ್ದೆ, ಖಾಲಿಯನ್ನು ನೋಡಿರಲಿಲ್ಲ.

"ನಡುಮಧ್ಯಾಹ್ನ ಯಾಕೆ ಒಂದೂ ಇಲ್ಲ?" ಎಂದು ಕೇಳಿದೆ. ಮಕ್ಕಳನ್ನು ಕೇಳಿದೆನೋ ನನ್ನನ್ನೇ ಕೇಳಿಕೊಂಡೆನೋ.

"ಆವಾಗ ಯಾರೂ ಒರ್ಗಡೆ ಇರಲ್ವಲ್ಲ ಮಿಸ್. ಉಣ್ಕಂಡು ಮನೀಕತಾರೆ" ಎಂದ ಒಬ್ಬ ಹುಡುಗ.

"ಮಧ್ಯರಾತ್ರೀಲಿ?"

"ಎಲ್ರೂ ಮನ್ಗಿರ್ತೀವಲ್ಲ."

ಡೈರಿಯ ಹುಡುಗಿ ಪರದೆಯ ಹತ್ತಿರ ಬಂದು ಎರಡು ಕಂಬಗಳ ಮೇಲೆ ಬೆರಳಿಟ್ಟಳು. "ಮಿಸ್, ಇವೆರ್ಡೂ ಡೈರಿ ಟೇಮು. ಊರೋರೆಲ್ಲ ಡೈರಿಗೆ ಆಲು ಆಕಕ್ ಬರೋದು ಈ ಒತ್ಗೇ."

ನಕ್ಷೆಯನ್ನು ಮುಂದೆ ತಂದೆ. ಕೆಂಪು ಚುಕ್ಕೆಗಳು ಸಾಲಾಗಿ ಇದ್ದದ್ದು ನಾಲೆ ಏರಿಯ ಮೇಲೆ, ಶಾಲೆಯ ಹಿಂದಿನ ಬದುವಿನ ಮೇಲೆ. ಎರಡೂ ಡೈರಿಗೆ ಹೋಗುವ ದಾರಿ. ಜನ ಓಡಾಡುವಲ್ಲೇ ಚುಕ್ಕೆ ಬಿದ್ದಿತ್ತು. ಊರಾಚೆ, ಯಾರೂ ಕಾಲಿಡದ ಗುಡ್ಡದ ಬುಡದಲ್ಲಿ ಒಂದೂ ಇರಲಿಲ್ಲ. ನಾವು ಚಿರತೆಯ ಓಡಾಟ ಬರೆದಿದ್ದೇವೆ ಅಂದುಕೊಂಡು ನಮ್ಮದೇ ಓಡಾಟ ಬರೆದಿದ್ದೆವು. ನೋಡಿದವರು ಎಲ್ಲಿದ್ದರು, ಯಾವಾಗ ಇದ್ದರು ಎಂಬ ಪ್ರಶ್ನೆಯನ್ನು ನಾನು ಮೊದಲ ದಿನವೇ ಮಕ್ಕಳಿಂದ ಕೇಳಿಸಬೇಕಾಗಿತ್ತು.

ಆ ಮಕ್ಕಳನ್ನೇ ಕೇಳಿದೆ: ನಿಮ್ಮ ಮನೆಯವರು ಯಾವ ಯಾವ ಹೊತ್ತಿನಲ್ಲಿ ಹೊರಗಿರುತ್ತಾರೆ? ಅವರು ಹೇಳುತ್ತ ಹೋದರು, ಹುಡುಗಿ ತುಂಬುತ್ತ ಹೋದಳು. ನೀಲಿ ಕಂಬಗಳು ಎದ್ದವು, ಹೆಚ್ಚುಕಡಿಮೆ ಕೆಂಪು ಕಂಬಗಳ ಪಕ್ಕಪಕ್ಕದಲ್ಲೇ.

ಹೊರಗೆ ಹೋಗಿ ಆ ಜನರನ್ನು ಕರೆಯಬೇಕಿತ್ತು. ಕೊಠಡಿಯ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಕೊನೆಗೆ ಆ ಗದ್ದೆಯ ಒಡತಿಯನ್ನು ಕೈಹಿಡಿದು ಒಳಗೆ ಕರೆತಂದೆ. ಆಕೆಯ ಹಿಂದೆ ಊರಿನ ಯಜಮಾನರೊಬ್ಬರು, ಪಂಜು ಕಟ್ಟುತ್ತಿದ್ದವನು, ಇನ್ನೂ ಕೆಲವರು ಬಂದರು. ಕೊಠಡಿಯೊಳಗೆ ಬೆವರಿನ, ಬೀಡಿಯ ವಾಸನೆ ತುಂಬಿತು. ನಾನು ಪರದೆಯ ಕಡೆ ಮುಖ ಮಾಡಿಯೇ ಮಾತಾಡಿದೆ. ಅವರ ಮುಖ ನೋಡಿದರೆ ನಿಲ್ಲಿಸಿಬಿಡುತ್ತೇನೆಂಬ ಹೆದರಿಕೆ. ಕೆಂಪು ಎಂದರೆ ಚಿರತೆ ಕಂಡದ್ದು, ನೀಲಿ ಎಂದರೆ ನಾವು ಹೊರಗಿದ್ದದ್ದು ಎಂದು ತೋರಿಸಿದೆ. ನಾವು ಇದ್ದಲ್ಲಿ, ಇದ್ದಾಗ ಕಂಡಿದೆ, ಅಷ್ಟೇ. ಅದರ ಮನೆ ಈ ಗದ್ದೆಯೇ ಎಂದು ಕಂಪ್ಯೂಟರು ಹೇಳಿಲ್ಲ. ಅದಕ್ಕೆ ಅದು ಗೊತ್ತಿಲ್ಲ.

ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು: "ಅಂಗಾರೆ ಚಿರ್ತೆ ಎಲ್ಲೈತೆ ಮೇಡಮ್ನೋರೆ?"

"ಗೊತ್ತಿಲ್ಲ" ಎಂದೆ.

ಆ ಮಾತಿನಿಂದ ಕೊಠಡಿಯಲ್ಲಿದ್ದವರಿಗೆ ಧೈರ್ಯ ಬರಲಿಲ್ಲ. ಮೊದಲು ಒಂದು ಗದ್ದೆಗೆ ಹೆದರಿದ್ದವರು ಈಗ ಎಲ್ಲ ಗದ್ದೆಗಳಿಗೂ ಹೆದರಿದರು. ಪಂಜಿನವನು ಕಿಟಕಿಯಿಂದಾಚೆ ನೋಡಿ, "ಅಂಗಂದ್ರೆ ನಮ್ ಅಟ್ಟಿ ಇತ್ಲಲ್ಲೇ ಇದ್ರೂ ಇರ್ಬೋದು" ಎಂದ. ಅವನಿಗೆ ಮನೆಯ ನೆನಪಾಗಿರಬೇಕು, ಗರಿಗಳನ್ನು ಅಲ್ಲೇ ಬಿಟ್ಟು ಹೊರಟೇಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಬೆಂಕಿ ಬೀಳಲಿಲ್ಲ. ಅರಣ್ಯ ಇಲಾಖೆಯವರು ಬಂದು ಗುಡ್ಡದ ಬುಡದಲ್ಲಿ ಬೋನು ಇಟ್ಟರು. ಮಕ್ಕಳು ಗುಂಪಾಗಿ ಬಂದು ಗುಂಪಾಗಿ ಹೋಗಬೇಕೆಂದು ತೀರ್ಮಾನವಾಯಿತು. ಬೋನಿಗೆ ಕಟ್ಟಿದ ಮೇಕೆ ದಿನಗಟ್ಟಲೆ ಅರಚಿತು, ಏನೂ ಬೀಳಲಿಲ್ಲ.

ಗದ್ದೆಯ ಪರ್ಮಿಟ್ಟು ಬಂತು. ಬಳ್ಳಾರಿ ಕಡೆಯಿಂದ ಬಂದ ಆಳುಗಳು ದೂರದ ತುದಿಯಿಂದ ಕಡಿಯುತ್ತ ಬಂದರು. ಶಾಲೆಯ ಗೋಡೆಗೆ ಹತ್ತಿದ ಒಂದು ತುಂಡು ಮಾತ್ರ ಉಳಿದಿದ್ದಾಗ, ಬಿಸಿಯೂಟಕ್ಕೆ ಮುಂಚೆ, ಹೆಂಗಸೊಬ್ಬಳು ಕಿರುಚಿಕೊಂಡಳು. ಕಬ್ಬಿನ ಒಣ ಸೋಗೆಯ ಮೇಲೆ ಎರಡು ಚಿರತೆ ಮರಿಗಳು. ಕಣ್ಣು ಬಿಟ್ಟಿದ್ದವು, ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ.

ಮರಿ ಇದ್ದ ಮೇಲೆ ತಾಯಿ ಹತ್ತಿರದಲ್ಲೇ ಇರಬೇಕು. ಆ ಸುದ್ದಿ ಗೋಡೆಯಾಚೆಯಿಂದ ಕೂಗಿ ಹೇಳಿದವರು ಯಾರೋ, ನಾನಂತೂ ಮಕ್ಕಳನ್ನೆಲ್ಲ ಒಳಗೆ ನೂಕಿದೆ. ಅಡುಗೆಯವರು ಸಾರಿನ ಪಾತ್ರೆ ಒಲೆಯ ಮೇಲೇ ಬಿಟ್ಟು ಓಡಿಬಂದರು. ಕಂಪ್ಯೂಟರು ಕೊಠಡಿಯ ಬಾಗಿಲಿಗೆ ಮಾತ್ರ ಗಟ್ಟಿ ಚಿಲಕ ಇದ್ದದ್ದರಿಂದ ಆರು, ಏಳು, ಎಂಟನೇ ತರಗತಿಯವರನ್ನು ಅಲ್ಲಿ ತುಂಬಿಕೊಂಡೆ. ಚಿಕ್ಕವರನ್ನು ಬೇರೆ ಟೀಚರುಗಳು ಅವರವರ ಕೋಣೆಯಲ್ಲಿ ಹಾಕಿಕೊಂಡು ಬಾಗಿಲಿಗೆ ಮೇಜು ಅಡ್ಡ ಇಟ್ಟರು. ಕಿಟಕಿಯ ಬಾಗಿಲು ಹಾಕಿದೆವು. ಅದರ ಒಂದು ಹಲಗೆ ಮುರಿದಿತ್ತು, ಅಲ್ಲಿಂದ ಬೆಳಕಿನ ಒಂದು ಪಟ್ಟಿ ಒಳಗೆ ಬೀಳುತ್ತಿತ್ತು. ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು.

ಆ ಬೆಳಕಿನ ಪಟ್ಟಿ ಒಮ್ಮೆ ಕಪ್ಪಾಗಿ ಮತ್ತೆ ಬೆಳಕಾಯಿತು.

"ಮಿಸ್, ಗೋಡೆ ಮ್ಯಾಲೆ ಏನೋ ಓಯ್ತು" ಎಂದು ಒಬ್ಬ ಪಿಸುಗುಟ್ಟಿದ.

ಎದ್ದು ಹೋಗಿ ಆ ಸಂದಿನಲ್ಲಿ ನೋಡಬೇಕಾದವಳು ನಾನು. ಕಂಡದ್ದನ್ನು ಮಾತ್ರ ನಂಬಿ ಎಂದು ಹೇಳಿಕೊಟ್ಟವಳು. ನನ್ನಿಂದ ಆಗಲಿಲ್ಲ. ಹತ್ತಿರವಿದ್ದ ಇಬ್ಬರು ಮಕ್ಕಳ ತಲೆಗಳನ್ನು ಮಡಿಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಂಡೆ. ಅದು ಚಿರತೆಯೋ, ಗೋಡೆ ಹತ್ತಿ ಇಣುಕಿದ ಮನುಷ್ಯನೋ, ಸರಿದ ಮೋಡವೋ, ಈಗಲೂ ಹೇಳಲಾರೆ. ಜೀಪಿನ ಸದ್ದು ಕೇಳಿ, ಅರಣ್ಯದವರು ಬಾಗಿಲು ತಟ್ಟುವ ತನಕ ಹಾಗೇ ಕೂತಿದ್ದೆ. ಚಿಲಕ ನಾನು ತೆಗೆಯಲಿಲ್ಲ, ಡೈರಿಯ ಹುಡುಗಿ ತೆಗೆದಳು. ಮಕ್ಕಳನ್ನು ಟ್ರಾಕ್ಟರಿನಲ್ಲಿ ಮನೆಗೆ ಕಳಿಸಿದೆವು. ಅರಣ್ಯದವರು ಮರಿಗಳನ್ನು ಬಿದಿರಿನ ಮಂಕರಿಯೊಳಗೆ ಇಟ್ಟು, ಸಿಕ್ಕ ಜಾಗದಲ್ಲೇ ಬಿಟ್ಟು, ಜನರನ್ನೆಲ್ಲ ದೂರ ಓಡಿಸಿದರು. ಬೆಳಿಗ್ಗೆ ನೋಡಿದಾಗ ಮಂಕರಿ ಖಾಲಿ. ತಾಯಿ ಕಚ್ಚಿಕೊಂಡು ಹೋಗಿತ್ತು. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ.

ಯಜಮಾನರು ಆಮೇಲೊಮ್ಮೆ ಗೇಟಿನ ಹತ್ತಿರ ಸಿಕ್ಕಿದರು. "ಅವತ್ತು ಕಂಪ್ಯೂಟ್ರು ಸರ್ಯಾಗೇ ಏಳಿತ್ತಲ್ಲ ಮೇಡಮ್ನೋರೆ. ನೀವೇ ಅಲ್ಲ ಅಂದ್ಬುಟ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆಯ ಆಚೆ ಆ ತಾಯಿ ಮಲಗಿದ್ದಾಗ ಈಚೆ ನಾನು ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದೆ. ಜೊತೆಗಿದ್ದ ಗದ್ದೆಯ ಒಡತಿ ನನ್ನ ಪರವಾಗಿ ಹೇಳಿದರು: "ಸುಮ್ಕಿರಪ್ಪಾ. ಬೆಂಕಿ ಇಕ್ಕಿದ್ರೆ ಮರಿ ಬೆಂದೋಗವು. ಆ ತಾಯಿ ನಿಮ್ಮನ್ನ ಬುಡೋದಾ?"

ಮಕ್ಕಳೂ ಕೇಳಿದರು. ನಮ್ಮ ನಕ್ಷೆ ಸರಿಯೋ ತಪ್ಪೋ? ನನಗೆ ತೋಚಿದ್ದನ್ನು ಹೇಳಿದೆ. ಲೆಕ್ಕದಲ್ಲಿ ಕೆಲವೊಮ್ಮೆ ಕ್ರಮ ತಪ್ಪಿದ್ದರೂ ಉತ್ತರ ಸರಿ ಬಂದುಬಿಡುತ್ತದಲ್ಲ, ಹಾಗೆ. ಚಿರತೆ ಅಲ್ಲಿತ್ತು ನಿಜ, ಆದರೆ ನಮ್ಮ ಚುಕ್ಕೆಗಳಿಂದ ಅದು ಗೊತ್ತಾಗುತ್ತಿರಲಿಲ್ಲ.

"ಅಂಗಾರೆ ಅರ್ಧ ಮಾರ್ಕ್ಸ್ ಆದ್ರೂ ಕೊಡಿ ಮಿಸ್" ಎಂದ ಹಿಂದಿನ ಬೆಂಚಿನವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಎಕ್ಸೆಲ್ ಹಾಳೆಯಲ್ಲಿ ಹೊಸದೊಂದು ಕಾಲಮ್ಮು ಸೇರಿಸಿದರು: ಆ ಹೊತ್ತಿನಲ್ಲಿ, ಆ ಜಾಗದಲ್ಲಿ ನೋಡಲು ಎಷ್ಟು ಜನರಿದ್ದರು. ಗುಡ್ಡದ ಬುಡದ ಸಾಲಿನಲ್ಲಿ ಸೊನ್ನೆ ತುಂಬಿದ ಹುಡುಗಿ, "ಇಲ್ಲಿ ಚಿರ್ತೆ ಇಲ್ಲ ಅಂತಲ್ಲ ಮಿಸ್, ನಾವಿಲ್ಲ ಅಂತ" ಎಂದು ತಾನೇ ಹೇಳಿದಳು. ನಾನು ಹೌದೆಂದು ತಲೆಯಾಡಿಸಿ, ಗಂಟೆ ಹೊಡೆಯುವ ಮೊದಲೇ ಅವರನ್ನು ಗುಂಪು ಮಾಡಿ ಹೊರಡಿಸಿದೆ. ಕೊನೆಯ ಮಗು ತಿರುವು ದಾಟಿ ಕಣ್ಮರೆಯಾಗುವವರೆಗೂ ಗೇಟಿನಲ್ಲೇ ನಿಂತಿದ್ದೆ.